ಮೂಳೆ ನನಗಿರಲಿ

ವಿರಾಜಪೇಟೆಯ ಹಲ್ಲಿನ ಕಾಲೇಜಿನಲ್ಲಿ
ಇನ್ನೂ ಕಲಿಯುತ್ತಿರುವ ಹುಡುಗಿಯೊಬ್ಬಳು, ಕೈ ನಡುಗದೆ,
ಅಕ್ಕನ ಕೆಳಸಾಲಿನ ಒಂಬತ್ತು ಹಲ್ಲು ಕಿತ್ತು
ಹತ್ತಿ ಕಚ್ಚಿಸಿ ಕಳಿಸಿದಳು.
ಮಾತಾಡಬೇಡಿ, ಗಟ್ಟಿ ತಿನ್ನಬೇಡಿ, ಖಾರ ಬೇಡ, ಬಿಸಿ ಬೇಡ.
ಮೊದಲನೆಯದನ್ನು ಕೇಳಿ
ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ಐವತ್ತೆರಡು ವರ್ಷದಲ್ಲಿ
ಚೋಂದಮ್ಮಕ್ಕನ ಅಡುಗೆಮನೆಯ ಹೊಸ್ತಿಲು ನಾನು ದಾಟಿದ್ದು
ಬೆಂಕಿಪೊಟ್ಟಣಕ್ಕೆ ಮಾತ್ರ.
ಇವತ್ತು ಅವಳು ಮುಕ್ಕಾಲಿಯ ಮೇಲೆ, ಗಲ್ಲಕ್ಕೆ ಟವೆಲು ಕಟ್ಟಿ,
ನಾನು ಒಲೆಯ ಮುಂದೆ.
ಸೌಟು ಅವಳ ಕೈಯಲ್ಲೇ, ತೋರಿಸಲಿಕ್ಕೆ.

ಆಲೂಗಡ್ಡೆ ಕುಶಾಲನಗರದ ಸಂತೆಯದು, ಮಣ್ಣು ಮೆತ್ತಿದ್ದು.
ಸಿಪ್ಪೆ ಹೆರೆಯಲು ಹೊರಟೆ. ಸೌಟು ಅಲ್ಲಾಡಿತು.
ಇಡಿಯಾಗಿ ಬೇಯಿಸು, ಆಮೇಲೆ ಸುಲಿ: ಇಷ್ಟನ್ನು
ಎರಡು ಬೆರಳು, ಒಂದು ಹುಬ್ಬಿನಲ್ಲಿ ಹೇಳಿ ಮುಗಿಸಿದಳು.
ಮಾತಿದ್ದಾಗ ಇದಕ್ಕೇ ಅರ್ಧ ಗಂಟೆ ಬೇಕಿತ್ತು.

ಬೆಳ್ಳುಳ್ಳಿ ಮಾತ್ರ ನನ್ನ ಬುದ್ಧಿ.
ಪಾಲಿಬೆಟ್ಟದ ಬಂಗಲೆಯೊಂದರ ಮದುವೆಯಲ್ಲಿ ತಿಂದ ರುಚಿ.
ಗೆಡ್ಡೆಯ ತಲೆ ಕೊಯ್ದು, ತುಪ್ಪ ಸವರಿ, ಬಾಳೆಲೆಯಲ್ಲಿ ಸುತ್ತಿ
ಕಾಫಿಬುಡದ ಕೆಂಡದ ಪಕ್ಕ, ಬೂದಿಯಡಿ ಹೂತೆ.
ಅವಳು ಮೂಗು ಮುರಿದಳು.
ಅದೇ ಮೂಗು, ಸ್ವಲ್ಪ ಹೊತ್ತಿಗೆ, ಒಲೆಯ ಕಡೆ ವಾಲಿತು.
ಹಸಿಯ ಜಗಳವೆಲ್ಲ ಇಳಿದು
ಬೆಲ್ಲದ ಪಾಕಕ್ಕೆ ಹತ್ತಿರದ ಏನೋ ಒಂದು
ಜಗಲಿಯ ನಾಯಿಯನ್ನೂ ಎಬ್ಬಿಸಿ ತಂದಿತು.

ಎಲೆ ಬಿಡಿಸಿ ಹಿಂಡಿದರೆ
ಎಸಳು ಒಂದೊಂದೇ ಜಾರಿ ಬಂದವು, ಮೆತ್ತಗೆ, ಕಂದು.
ಒಂಬತ್ತು.
ಎಣಿಸಬಾರದಿತ್ತು.
ಕಿತ್ತವನ್ನು ಅವಳು ಕೈಚಾಚಿ ಇಸಕೊಂಡು ಬಂದು
ಏಲಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾಳೆ.
ಯಾಕೆಂದು ಕೇಳುವ ದಿನ ಇದಲ್ಲ.

ಆ ಹುಡುಗಿ ಪುಟ್ಟ ಕನ್ನಡಿ ಹಿಡಿದು ನನಗೆ ತೋರಿಸಿದ್ದಳು:
“ನೋಡಿ ಸಾರ್, ಸವೆದಿವೆ, ಸೀಳಿವೆ.
ಅಜ್ಜಿ ಮೂಳೆ ಬಹಳ ಕಡೀತಾರಾ?”
ಹೌದು. ಕೈಲ್‌ಪೊಳ್ದ್, ಹುತ್ತರಿ, ಬರಿಯ ಭಾನುವಾರ,
ಹಂದಿಯಾದರೇನು ಕೋಳಿಯಾದರೇನು
ಪಾತ್ರೆ ಸುತ್ತು ಬಂದಾಗ ಅಕ್ಕನ ಮಾತು ಒಂದೇ:
ಮೂಳೆ ನನಗಿರಲಿ.
ಅವಳಿಗೆ ಅದೇ ಇಷ್ಟವೆಂದು
ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ, ಹೆಮ್ಮೆಯಿಂದ,
ನಮ್ಮಕ್ಕನ ಬಾಯಿಗೆ ಬಿದ್ದ ಮೂಳೆ ಹಿಟ್ಟು ಎಂದು.
ಮಾಂಸ ಯಾರ ತಟ್ಟೆಗೆ ಬಿತ್ತೆಂಬ ಲೆಕ್ಕ
ಆ ಒರಗುಕುರ್ಚಿಯ ಪಕ್ಕದಲ್ಲಿ ನಿಂತಾಗ ಸಿಕ್ಕಿತು.

ಬೆಂದ ಗಡ್ಡೆ ಕಿವುಚಲು ಕಡಗೋಲು ತೆಗೆದೆ. ಸೌಟು: ಅಲ್ಲ.
ಬೊಟ್ಟು ಅಟ್ಟದ ಕಡೆ.
ನೂಪುಟ್ಟಿನ ಒತ್ತುಮಣೆ!
ಅಮ್ಮನದು. ಹಲಸಿನ ಮರ, ಹಿತ್ತಾಳೆಯ ಅಚ್ಚು.
ಮೈಭಾರವೆಲ್ಲ ಬಿಟ್ಟು ಒತ್ತಿದೆ,
ಆಲೂಗಡ್ಡೆ ಎಳೆ ಎಳೆಯಾಗಿ ಹಬೆಯಾಡುತ್ತ ಇಳಿಯಿತು.
ಹಾಲು, ಬೆಣ್ಣೆ, ಅರೆದ ಬೆಳ್ಳುಳ್ಳಿ, ಉಪ್ಪು.
ಕಾಚಂಪುಳಿಯ ಶೀಷೆಗೆ ಅವಳ ಕೈ ಹೋಯಿತು.
ಬೇಡ, ಹುಳಿ, ಗಾಯ ಉರೀತದೆ, ಎಂದೆ.
ಅವಳು ನನ್ನನ್ನು ನೋಡಿದಳು.
ಒಂದು ಹನಿ ಬಿತ್ತು, ಕರ್ರಗೆ. ನಾನು ಸುಮ್ಮನೆ ಕಲಸಿದೆ.

ಎಷ್ಟು ಒತ್ತಿದರೇನು,
ಎರಡು ಗಡ್ಡೆ ಒಳಗೆ ಅರೆಬೆಂದಿದ್ದವು, ಅಲ್ಲಲ್ಲಿ ಗಂಟು.
ಆರಲು ಬಿಟ್ಟ ಹೊತ್ತಿನಲ್ಲಿ
ಚಮಚದ ತುದಿಯಿಂದ ಹುಡುಕಿ ಹುಡುಕಿ
ನನ್ನ ತಟ್ಟೆಗೆ ಎತ್ತಿಕೊಂಡೆ.
ಅವಳ ಹುಬ್ಬು ಮೇಲೇರಿತು.
ನನಗೆ ಗಂಟೇ ಇಷ್ಟ, ಎಂದೆ.

ಹತ್ತಿ ತೆಗೆದಳು, ಕೆಂಪು ನೋಡಿ ಮಡಿಸಿಟ್ಟಳು.
ಮೊದಲ ಚಮಚವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು
ಬಹಳ ಹೊತ್ತು ಕೂತಳು.
ಹೊರಗೆ ಪಕ್ಕದ ಮನೆಯ ಮೊಯ್ದು
ಜೀಪು ಹಿಂದೆಮುಂದೆ ಮಾಡಿ ತಿರುಗಿಸುತ್ತಿದ್ದ.
ಜೀಪಿನ ಸದ್ದು ಇಳಿದ ಮೇಲೆ, ಡಾಕ್ಟರ ಅಪ್ಪಣೆ ಮೀರಿ,
ಅವಳ ಮೊದಲ ಮಾತು:
“ಥುಳ್ಳ.”

ತಟ್ಟೆ ಮುಂದೆ ತಳ್ಳಿದಳು. ಇನ್ನಷ್ಟು ಹಾಕಿದೆ.